ಆ್ಯಪ್‌ಗಳ ರೂಪಾಂತರ

2020ನೆಯ ಇಸವಿಯಲ್ಲಿ ಕೋವಿಡ್ ಪಿಡುಗು ನಮ್ಮ ದೇಶವನ್ನು ಆವರಿಸಿದಾಗ, ಭಾರತ ಸರ್ಕಾರವು ಏಪ್ರಿಲ್ 2ರಂದು 'ಆರೋಗ್ಯ ಸೇತು' ಎಂಬ ಆ್ಯಪನ್ನು ಹೊರತಂದಿತು. ಸೋಂಕಿತರ ಸಮೀಪಕ್ಕೆ ಹೋಗಿದ್ದವರಿಗೆ ಎಚ್ಚರಿಕೆ ನೀಡುವುದು ಅದರ ಮುಖ್ಯ ಉದ್ದೇಶವಾಗಿತ್ತು. ಆಂಡ್ರಾಯ್ಡ್ ಫೋನ್ ಇದ್ದವರಿಗೂ ಐಫೋನ್ ಇದ್ದವರಿಗೂ ಅದು ಕೂಡಲೆ ದೊರೆಯಿತು. ಆದರೆ ಅಗ್ಗದ ಜಿಯೋಫೋನನ್ನು ಬಳಸುತ್ತಿದ್ದವರು ಮೇ ತಿಂಗಳವರೆಗೆ ಕಾಯಬೇಕಾಯಿತು. ರೋಗವು ಫೋನಿನ ಜಾತಿಯನ್ನು ಕೇಳಿ ಬರುವುದಿಲ್ಲ. ಆ್ಯಪ್ ಮಾತ್ರ ಕೇಳುತ್ತದೆ. ಹೀಗೇಕೆ?

ಫೋನಿನ ಯಂತ್ರಭಾಗಕ್ಕೂ ಆ್ಯಪ್‌ಗೂ ನಡುವೆ ಕಾರ್ಯಾಚರಣ ವ್ಯವಸ್ಥೆ ಎಂಬ ಮೂಲ ತಂತ್ರಾಂಶವೊಂದು ಇರುತ್ತದೆ. ಪರದೆಯ ಮೇಲೆ ಅಕ್ಷರ ಮೂಡಿಸುವುದು, ಕ್ಯಾಮೆರಾ ತೆರೆಯುವುದು, ಧ್ವನಿ ಹೊರಡಿಸುವುದು ಮುಂತಾದ ಕೆಲಸಗಳನ್ನು ಆ್ಯಪ್ ಈ ವ್ಯವಸ್ಥೆಯಿಂದ ಕೇಳಿ ಮಾಡಿಸಿಕೊಳ್ಳಬೇಕು. ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ಮತ್ತು ಆಪಲ್ ಸಂಸ್ಥೆಯ ಐಓಎಸ್ ಇಂದು ಹೆಚ್ಚು ಬಳಕೆಯಲ್ಲಿರುವ ವ್ಯವಸ್ಥೆಗಳು. ಇವುಗಳ ಭಾಷೆ ಬೇರೆ, ಕೇಳುವ ಕ್ರಮವೂ ಬೇರೆ. ಆಂಡ್ರಾಯ್ಡ್ ಆ್ಯಪ್‌ಗಳನ್ನು ಸಾಮಾನ್ಯವಾಗಿ ಜಾವಾ ಅಥವಾ ಕಾಟ್ಲಿನ್ ಭಾಷೆಯಲ್ಲಿ ಬರೆಯುತ್ತಾರೆ. ಐಫೋನಿಗೆ ಮೊದಲು ಆಬ್ಜೆಕ್ಟಿವ್-ಸಿ ಭಾಷೆ ಬಳಕೆಯಲ್ಲಿತ್ತು; 2014ರಲ್ಲಿ ಸ್ವಿಫ್ಟ್ ಎಂಬ ಭಾಷೆ ಬಂದಿತು. ಆದುದರಿಂದ ಒಂದು ಫೋನಿನ ಆ್ಯಪನ್ನು ನಕಲು ಮಾಡಿ ಇನ್ನೊಂದರಲ್ಲಿ ಇಟ್ಟರೆ ಅದು ನಡೆಯಲಾರದು.

ಹಾಗಾದರೆ ರೂಪಾಂತರ ಮಾಡುವುದು ಹೇಗೆ? ಕುಮಾರವ್ಯಾಸನು ಭಾರತದ ಕಥೆಯನ್ನು ಕನ್ನಡಕ್ಕೆ ತಂದಾಗ ಸಂಸ್ಕೃತ ಶ್ಲೋಕಗಳನ್ನು ಪದಕ್ಕೆ ಪದವಿಟ್ಟು ಬದಲಿಸಲಿಲ್ಲ. ಕಥೆಯನ್ನು ಉಳಿಸಿಕೊಂಡು ಭಾಮಿನೀ ಷಟ್ಪದಿಯಲ್ಲಿ ಹೊಸದಾಗಿ ಹಾಡಿದನು. ಆ್ಯಪಿನ ರೂಪಾಂತರವೂ ಇಂಥದೇ. ಅದರ ಚಿತ್ರಗಳು, ಬರಹ, ಲೆಕ್ಕಾಚಾರದ ಕ್ರಮ, ದೂರದ ಸರ್ವರಿನಲ್ಲಿರುವ ಮಾಹಿತಿ ಇವು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ವ್ಯವಸ್ಥೆಯೊಡನೆ ಮಾತನಾಡುವ ಭಾಗವನ್ನು ಮಾತ್ರ ಮತ್ತೆ ಬರೆಯಬೇಕು. ಬಳಸುವವರ ರೂಢಿಯನ್ನೂ ಗಮನಿಸಬೇಕು. ಆಂಡ್ರಾಯ್ಡಿನಲ್ಲಿ ಹಿಂದಿನ ಪುಟಕ್ಕೆ ಮರಳುವ ಏರ್ಪಾಡನ್ನು ಫೋನೇ ಒದಗಿಸುತ್ತದೆ; ಐಫೋನಿನ ಆ್ಯಪ್‌ಗಳಲ್ಲಿ ಅದಕ್ಕಾಗಿ ಪರದೆಯ ಮೇಲ್ಭಾಗದ ಎಡಗಡೆ ಗುಂಡಿಯನ್ನು ಇಡುವುದು ವಾಡಿಕೆ. ಇದನ್ನು ಮರೆತರೆ ಬಳಸುವವನು ಹಿಂದಿರುಗುವ ದಾರಿ ಕಾಣದೆ ಕಕ್ಕಾಬಿಕ್ಕಿಯಾಗುತ್ತಾನೆ.

ಒಮ್ಮೆ ಬರೆದು ಎರಡು ಕಡೆಯೂ ನಡೆಸಬಲ್ಲ ಸಾಧನಗಳೂ ಈಗ ಇವೆ. 2015ರಲ್ಲಿ ಬಂದ ರಿಯಾಕ್ಟ್ ನೇಟಿವ್, 2018ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ಫ್ಲಟರ್ ಇಂಥವು. ಇವು ಶ್ರಮವನ್ನು ಕಡಿಮೆ ಮಾಡುತ್ತವೆ. ಆದರೂ ಪ್ರತಿಯೊಂದು ಬಗೆಯ ಫೋನಿನಲ್ಲಿಯೂ ಆ್ಯಪನ್ನು ಪರೀಕ್ಷಿಸುವುದು ತಪ್ಪುವುದಿಲ್ಲ.

ರೂಪಾಂತರ ನಡೆಯದಿದ್ದರೆ ಏನಾಗುವುದೆಂಬುದಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು 2010ರಲ್ಲಿ ತಂದ ವಿಂಡೋಸ್ ಫೋನ್ ನಿದರ್ಶನ. ಬಳಸುವವರು ಕಡಿಮೆಯೆಂದು ಆ್ಯಪ್ ಬರೆಯುವವರು ಹಿಂಜರಿದರು. ಆ್ಯಪ್ ಇಲ್ಲವೆಂದು ಕೊಳ್ಳುವವರು ಹಿಂಜರಿದರು. ಇತರ ಫೋನುಗಳ ಆ್ಯಪ್‌ಗಳನ್ನು ಸುಲಭವಾಗಿ ತರುವ ಸಾಧನಗಳನ್ನು ಸಂಸ್ಥೆಯು 2015ರಲ್ಲಿ ಪ್ರಕಟಿಸಿತು. ಆದರೆ ಆಂಡ್ರಾಯ್ಡ್ ಆ್ಯಪ್‌ಗಳಿಗೆಂದು ಯೋಜಿಸಿದ್ದ ಸಾಧನವನ್ನು ಮರುವರ್ಷವೇ ಕೈಬಿಟ್ಟಿತು. ಅದರ ಕೊನೆಯ ರೂಪವಾದ ವಿಂಡೋಸ್ 10 ಮೊಬೈಲ್‌ಗೆ ನೀಡುತ್ತಿದ್ದ ಬೆಂಬಲವೂ 2020ರ ಜನವರಿಯಲ್ಲಿ ಮುಗಿಯಿತು.

ಈಗ ಮತ್ತೆ ಜಿಯೋಫೋನನ್ನು ನೋಡೋಣ. ಅದರ ಪರದೆ ಚಿಕ್ಕದು. ಬೆರಳಿನಿಂದ ಮುಟ್ಟಿದರೆ ಅದು ಸ್ಪಂದಿಸುವುದಿಲ್ಲ. ಎಲ್ಲವನ್ನೂ ಗುಂಡಿಗಳನ್ನು ಒತ್ತಿಯೇ ನಡೆಸಬೇಕು. ಅದರೊಳಗಿನ ವ್ಯವಸ್ಥೆಯೂ ಕೈಓಎಸ್ ಎಂಬ ಬೇರೆಯದು. ಆದುದರಿಂದ ಆರೋಗ್ಯ ಸೇತುವನ್ನು ಅದಕ್ಕೆ ತಕ್ಕಂತೆ ಅಳವಡಿಸಬೇಕಾಯಿತು. ಯಾವ ಆ್ಯಪನ್ನೂ ನಡೆಸಲಾರದ ಸಾದಾ ಫೋನಿನವರಿಗಾಗಿ 1921 ಎಂಬ ಸಂಖ್ಯೆಯನ್ನು ನೀಡಲಾಯಿತು. ಅದಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮರಳಿ ಕರೆ ಬಂದು, ಆರೋಗ್ಯವನ್ನು ಕುರಿತ ಪ್ರಶ್ನೆಗಳು ಕೇಳಿಬರುತ್ತಿದ್ದವು. ಅಲ್ಲಿ ಪರದೆಯೂ ಇಲ್ಲ, ಚಿತ್ರವೂ ಇಲ್ಲ. ಆದರೂ ಸೇವೆಯ ಉದ್ದೇಶ ಕೇಳುಗನನ್ನು ತಲಪಿತು. ರೂಪಾಂತರದಲ್ಲಿ ಉಳಿಸಬೇಕಾದುದು ಈ ಉದ್ದೇಶವನ್ನೇ. ಜನರಿಗಾಗಿ ಆ್ಯಪ್ ರಚಿಸುವವರು, ತಮ್ಮ ಕೈಯಲ್ಲಿರುವ ಫೋನನ್ನಲ್ಲ, ಆ ಜನರ ಕೈಯಲ್ಲಿರುವ ಫೋನನ್ನು ಮೊದಲು ನೆನೆಯಬೇಕು.