ಗೆರೆಯಾಚೆಯಿಂದ ಮೊದಲಾಗುವ ದಾಳಿ

ಭಾನುವಾರದ ಬಲಿಪೂಜೆ ಮುಗಿದು ಹಿರಿಯರು ದೇವಾಲಯದ ಅಂಗಳದಲ್ಲಿ ಪರಸ್ಪರ ಕುಶಲ ವಿಚಾರಿಸುತ್ತಿರುವಾಗಲೇ ಹುಡುಗರ ಕಾಲಿಗೆ ಚೆಂಡು ಸಿಕ್ಕಿರುತ್ತದೆ. ಟಿ.ಬಿ. ಡ್ಯಾಮಿನ ಕಾಲೊನಿಗಳಿರಲಿ, ಹೊಸಪೇಟೆಯ ಶಾಲಾ ಮೈದಾನಗಳಿರಲಿ, ಸಂಡೂರಿನ ಕೆಂಪು ಧೂಳಿನ ಬಯಲಿರಲಿ, ಮಕ್ಕಳು ಕಾಲ್ಚೆಂಡು ಆಡುವ ನಮ್ಮ ಜಾಗಗಳಲ್ಲಿ ಬಹುಪಾಲು ಅಗಲದಲ್ಲಿ ಕಿರಿದಾದವು. ಒಂದು ಕಡೆ ಕಾಂಪೌಂಡು ಗೋಡೆ, ಮತ್ತೊಂದು ಕಡೆ ರಸ್ತೆ. ಹೀಗಾಗಿ ಚೆಂಡು ಗೆರೆ ದಾಟಿ ಹೊರಗೆ ಹೋಗುವುದು ನಿಮಿಷಕ್ಕೊಮ್ಮೆ ನಡೆಯುವ ಸಂಗತಿ. ಹೊರಗೆ ಹೋದ ಚೆಂಡು ಒಳಗೆ ಬರಬೇಕಾದರೆ ಕೈಯಿಂದ ಎಸೆಯಬೇಕು. ಅದೇ ಥ್ರೋ-ಇನ್.

ಆಗ ನಡೆಯುವುದೇನು? ಪಕ್ಕದಲ್ಲಿ ನಿಂತ ತರಬೇತುದಾರರು ‘ದೂರ ಎಸೆಯೋ!’ ಎಂದು ಕೂಗುತ್ತಾರೆ. ತಂಡದಲ್ಲಿ ಎಲ್ಲರಿಗಿಂತ ಮೈಕಟ್ಟುಳ್ಳ ಹುಡುಗ ಮೈದಾನದ ಆ ತುದಿಯಿಂದ ಈ ತುದಿಗೆ ಓಡಿ ಬರುತ್ತಾನೆ. ಅವನು ಬಂದು ಚೆಂಡನ್ನು ಅಂಗಿಗೆ ಒರೆಸಿಕೊಳ್ಳುವಷ್ಟರಲ್ಲಿ ಎದುರಾಳಿಗಳೆಲ್ಲ ತಮ್ಮ ತಮ್ಮ ಸ್ಥಾನಗಳನ್ನು ಸೇರಿರುತ್ತಾರೆ. ಬಲವೆಲ್ಲವನ್ನೂ ಬಳಸಿ ಎಸೆದ ಚೆಂಡು ಗುಂಪಿನ ನಡುವೆ ಬಿದ್ದು ಮರುಕ್ಷಣವೇ ಪರರ ಪಾಲಾಗುತ್ತದೆ. ಒಂದು ಪಂದ್ಯದಲ್ಲಿ ಇದು ಮೂವತ್ತು ನಲವತ್ತು ಸಲ ನಡೆದರೂ ಯಾರಿಗೂ ನಷ್ಟವೆನಿಸುವುದಿಲ್ಲ. ಕಾರ್ನರ್ ಕಿಕ್ ಸಿಕ್ಕರೆ ಸಂಭ್ರಮಿಸುವ ನಾವು ಥ್ರೋ-ಇನ್ ಸಿಕ್ಕಾಗ ಉಸಿರು ಬಿಡುವ ವೇಳೆ ಬಂತೆಂದು ಭಾವಿಸುತ್ತೇವೆ. ದಾಳಿ ಹೂಡಲು ಇದಕ್ಕಿಂತ ಉದಾರವಾದ ಅವಕಾಶವನ್ನು ಆಟದ ನಿಯಮಾವಳಿ ಬೇರೆಲ್ಲೂ ಕೊಟ್ಟಿಲ್ಲವೆಂಬುದೇ ನನ್ನ ಅಭಿಪ್ರಾಯ.

ಆ ನಿಯಮವನ್ನೊಮ್ಮೆ ನೋಡೋಣ. ಕಾಲ್ಚೆಂಡಿನ ನಿಯಮಗಳಲ್ಲಿ 15ನೆಯದು ಇದಕ್ಕೇ ಮೀಸಲು. ಎಸೆಯುವವನು ಮೈದಾನಕ್ಕೆ ಎದುರಾಗಿ ನಿಂತು, ಎರಡೂ ಪಾದಗಳ ಸ್ವಲ್ಪ ಭಾಗವನ್ನಾದರೂ ಗೆರೆಯ ಮೇಲೆ ಇಲ್ಲವೆ ಗೆರೆಯ ಹೊರಗಿನ ನೆಲದ ಮೇಲೆ ಊರಿರಬೇಕು. ಎರಡೂ ಕೈಗಳಿಂದ ಚೆಂಡನ್ನು ತಲೆಯ ಹಿಂದಿನಿಂದ ತಂದು ತಲೆಯ ಮೇಲಿನಿಂದ ಬಿಡಬೇಕು. ಎದುರಾಳಿಗಳು ಎರಡು ಮೀಟರು ದೂರ ನಿಲ್ಲಬೇಕು. ನೇರವಾಗಿ ಎಸೆದು ಗೋಲು ಗಳಿಸುವಂತಿಲ್ಲ. ಚೆಂಡು ಹಾಗೆಯೇ ಎದುರಾಳಿಯ ಗೋಲನ್ನು ಹೊಕ್ಕರೆ ಅವರಿಗೆ ಗೋಲ್ ಕಿಕ್ ದೊರೆಯುತ್ತದೆ. ಇಷ್ಟೆಲ್ಲ ಕಟ್ಟುಪಾಡುಗಳ ನಡುವೆ ಒಂದು ದೊಡ್ಡ ರಿಯಾಯಿತಿಯುಂಟು. ಥ್ರೋ-ಇನ್‌ನಿಂದ ನೇರವಾಗಿ ಚೆಂಡು ಪಡೆದವನಿಗೆ ಆಫ್‌ಸೈಡ್ ಇಲ್ಲ. 1920ರಿಂದಲೂ ಹೀಗೆಯೇ. ಎಂದರೆ ನಮ್ಮ ಹುಡುಗನೊಬ್ಬ ರಕ್ಷಕರೆಲ್ಲರ ಬೆನ್ನ ಹಿಂದೆ ನಿಂತು ಚೆಂಡು ಪಡೆದರೂ ರೆಫರಿ ಸೀಟಿ ಊದುವಂತಿಲ್ಲ. ಹತ್ತು ವರ್ಷದ ಮಕ್ಕಳಿಗೆ ಇದನ್ನು ಹೇಳಿದರೆ ಅವರ ಕಣ್ಣು ಅರಳುತ್ತದೆ. ಎಷ್ಟೋ ತಂಡಗಳಲ್ಲಿ ಇದನ್ನು ಯಾರೂ ಹೇಳಿಯೇ ಇರುವುದಿಲ್ಲ.

ಒಂದು ಅನನುಕೂಲವನ್ನೂ ಮರೆಯಬಾರದು. ಎಸೆಯುವವನು ಗೆರೆಯಾಚೆ ಇರುವುದರಿಂದ ಆ ಕ್ಷಣದಲ್ಲಿ ಒಳಗೆ ನಮ್ಮವರು ಹತ್ತೇ ಜನ, ಎದುರಾಳಿಗಳು ಹನ್ನೊಂದು. ಆದುದರಿಂದ ನಿಂತಲ್ಲೇ ನಿಂತು ‘ನನಗೆ ಹಾಕು’ ಎಂದು ಕೈಯೆತ್ತುವ ತಂಡ ಚೆಂಡನ್ನು ಕಳೆದುಕೊಳ್ಳುವುದು ಸಹಜ. ಓಡಾಟದಿಂದ ಮಾತ್ರ ಈ ಕೊರತೆಯನ್ನು ತುಂಬಿಕೊಳ್ಳಬಹುದು.

ದೂರದ ಎಸೆತವೇ ಹೆಚ್ಚೆಂಬ ನಂಬಿಕೆ ಬುಡವಿಲ್ಲದ್ದಲ್ಲ. ಇಂಗ್ಲೆಂಡಿನ ಸ್ಟೋಕ್ ಸಿಟಿ ತಂಡದ ರೋರಿ ಡಿಲ್ಯಾಪ್ ಶಾಲಾ ದಿನಗಳಲ್ಲಿ ಜಾವೆಲಿನ್ ಎಸೆತಗಾರ. 2008ರ ನವೆಂಬರ್ 1ರಂದು ಬಲಾಢ್ಯ ಆರ್ಸೆನಲ್ ತಂಡವನ್ನು ಸ್ಟೋಕ್ 2–1ರಿಂದ ಸೋಲಿಸಿದಾಗ ಎರಡು ಗೋಲುಗಳೂ ಆತನ ಎಸೆತದಿಂದಲೇ ಹುಟ್ಟಿದವು. ಆರ್ಸೆನಲ್ಲಿನ ತರಬೇತುದಾರ ಆರ್ಸೆನ್ ವೆಂಗರ್ ಮುಂದೆ, ಕೈಯಿಂದ ಎಸೆಯುವ ಬದಲು ಕಾಲಿನಿಂದ ಒದೆಯುವ ಪದ್ಧತಿ ಬರಲೆಂದು ವಾದಿಸಿದರು. 2016ರ ಯೂರೋ ಕಪ್‌ನಲ್ಲಿ ಪುಟ್ಟ ದೇಶ ಐಸ್‌ಲ್ಯಾಂಡ್ ಇಂಗ್ಲೆಂಡನ್ನು 2–1ರಿಂದ ಮನೆಗೆ ಕಳುಹಿಸಿದಾಗಲೂ ಮೊದಲ ಗೋಲು ಅರೋನ್ ಗುನ್ನಾರ್ಸನ್ನರ ದೀರ್ಘ ಎಸೆತದಿಂದ ಬಂದಿತ್ತು. ನಮ್ಮ ನಾಡಿನಲ್ಲಿಯೇ, 2017ರಲ್ಲಿ ಬೆಂಗಳೂರು ಎಫ್.ಸಿ. ಸೇರಿದ ರಾಹುಲ್ ಭೇಕೆ ಪಕ್ಕದ ಗೆರೆಯಿಂದ ಪೆನಾಲ್ಟಿ ಆವರಣದೊಳಕ್ಕೆ ಎಸೆಯುತ್ತಿದ್ದ ಚೆಂಡುಗಳನ್ನು ಎದುರಾಳಿಗಳು ಕಾರ್ನರ್ ಕಿಕ್ಕಿನಂತೆಯೇ ಹೆದರಿ ಕಾಯುತ್ತಿದ್ದರು.

ಆದರೆ ಇವೆಲ್ಲ ಬೆಳೆದ ಆಳುಗಳ ಆಟ. ದೂರದ ಎಸೆತವನ್ನು ಗೋಲಾಗಿಸುವುದು ಸಾಮಾನ್ಯವಾಗಿ ತಲೆಯ ಹೊಡೆತ. ಹಿಂದೆ ವೃತ್ತಿಪರ ಆಟಗಾರರಾಗಿದ್ದವರಲ್ಲಿ ಮಿದುಳು ಕ್ಷಯಿಸುವ ಕಾಯಿಲೆಗಳಿಂದಾಗುವ ಸಾವು ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚೆಂದು ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲೇ, 2015ರಲ್ಲಿ, ಅಮೆರಿಕದ ಕಾಲ್ಚೆಂಡು ಸಂಸ್ಥೆ ಹತ್ತು ವರ್ಷ ಮತ್ತು ಅದಕ್ಕಿಂತ ಕಿರಿಯ ಮಕ್ಕಳು ಚೆಂಡಿಗೆ ತಲೆ ಕೊಡುವುದನ್ನು ನಿಷೇಧಿಸಿತ್ತು. 2020ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್ ಪ್ರಾಥಮಿಕ ಶಾಲೆಯ ವಯಸ್ಸಿನವರ ತರಬೇತಿಯಿಂದ ಅದನ್ನು ತೆಗೆದುಹಾಕಿದವು. ಗಾಳಿ ತುಂಬಿ ಕಲ್ಲಾದ ಚೆಂಡು ಎತ್ತರದಿಂದ ಇಳಿಯುವಾಗ ಅದರ ಕೆಳಗೆ ಎಂಟು ವರ್ಷದ ಮಗುವನ್ನು ನಿಲ್ಲಿಸಿ ‘ತಲೆ ಕೊಡು’ ಎನ್ನುವುದನ್ನು ನಾವು ಕೈಬಿಡಲೇಬೇಕು. ಇದು ತಂತ್ರದ ಮಾತಲ್ಲ, ಮಗುವಿನ ಮಾತು.

ಹಾಗಾದರೆ ಮಕ್ಕಳಿಗೆ ಕಲಿಸುವುದೇನನ್ನು? ಇದಕ್ಕೂ ಒಬ್ಬ ಗುರು ಇದ್ದಾರೆ. ಡೆನ್ಮಾರ್ಕಿನ ಥಾಮಸ್ ಗ್ರೋನೆಮಾರ್ಕ್ 2010ರಲ್ಲಿ 51.33 ಮೀಟರು ಎಸೆದು ವಿಶ್ವದಾಖಲೆ ಮಾಡಿದವರು. 2018ರಲ್ಲಿ ಲಿವರ್‌ಪೂಲ್ ತಂಡ ಅವರನ್ನು ಕೇವಲ ಥ್ರೋ-ಇನ್ ಕಲಿಸುವುದಕ್ಕಾಗಿಯೇ ಕರೆಸಿಕೊಂಡಾಗ ಅನೇಕರು ನಕ್ಕರು. ದೂರ, ವೇಗ, ಜಾಣ್ಮೆ ಎಂಬ ಮೂರು ಬಗೆಯ ಎಸೆತಗಳನ್ನು ಅವರು ಹೇಳುತ್ತಾರೆ. ಮೊದಲನೆಯದಕ್ಕೆ ತೋಳ್ಬಲ ಬೇಕು. ಉಳಿದೆರಡಕ್ಕೆ ಬೇಡ, ಮತ್ತು ಆ ಎರಡೇ ನಮ್ಮ ಮಕ್ಕಳಿಗೆ ಒದಗುವಂಥವು.

ವೇಗವೆಂದರೆ, ಚೆಂಡಿಗೆ ಯಾರು ಹತ್ತಿರವೋ ಅವರೇ ಎಸೆಯುವುದು. ಈ ಒಂದು ಕಟ್ಟಳೆ ತಂಡವನ್ನೇ ಬದಲಿಸಬಲ್ಲದು. ಗಟ್ಟಿಗ ಹುಡುಗನಿಗಾಗಿ ಕಾಯುವ ಅಗತ್ಯವಿಲ್ಲ. ಇಡೀ ಪಂದ್ಯದಲ್ಲಿ ಮೂರು ಸಲವೂ ಚೆಂಡು ಮುಟ್ಟದೆ ಮನೆಗೆ ಹೋಗುತ್ತಿದ್ದ ಸಣ್ಣವನಿಗೂ, ಹುಡುಗರ ನಡುವೆ ಆಡಲು ಬಂದ ಹುಡುಗಿಗೂ ದಾಳಿಯ ಮೊದಲ ಹೆಜ್ಜೆ ಇಡುವ ಹೊಣೆ ಬರುತ್ತದೆ. ಎದುರಾಳಿಗಳು ತಿರುಗಿ ನೋಡುವ ಮುನ್ನವೇ ಚೆಂಡು ಒಳಗಿರುತ್ತದೆ.

ಜಾಣ್ಮೆಗೆ ಅಭ್ಯಾಸ ಬೇಕು. ಮೊದಲ ವಾರ ಇಬ್ಬಿಬ್ಬರನ್ನು ಐದಾರು ಮೀಟರು ಅಂತರದಲ್ಲಿ ನಿಲ್ಲಿಸಿ, ಒಬ್ಬ ಎಸೆದದ್ದನ್ನು ಮತ್ತೊಬ್ಬ ಒಂದೇ ಸ್ಪರ್ಶದಲ್ಲಿ ಹಿಂದಿರುಗಿಸುವಂತೆ ಮಾಡಬೇಕು. ಚೆಂಡು ಪಾದಕ್ಕೆ ಬರಬೇಕು. ಮೊಣಕಾಲಿನ ಎತ್ತರದಲ್ಲಿ ಪುಟಿಯುವ ಚೆಂಡನ್ನು ಹಿಡಿತಕ್ಕೆ ತರುವುದು ಮಕ್ಕಳಿಗೆ ಬಹಳ ಕಷ್ಟ. ಈ ಹಂತದಲ್ಲಿ ಕಾಣುವ ಸಾಮಾನ್ಯ ದೋಷ, ಚೆಂಡು ಬಿಡುವಾಗ ಹಿಂಗಾಲು ನೆಲ ಬಿಡುವುದು. ಬೆರಳ ತುದಿಯನ್ನು ನೆಲದ ಮೇಲೆ ಎಳೆದುಕೊಂಡು ಬರುವಂತೆ ಹೇಳಿದರೆ ಅದು ಹೋಗುತ್ತದೆ.

ಬಳಿಕ ಮೂವರ ಆಟ. ಒಬ್ಬ ಎಸೆಯುವವನು, ಇಬ್ಬರು ಪಡೆಯುವವರು, ಅವರನ್ನು ಕಾಯಲು ಇಬ್ಬರು ಎದುರಾಳಿಗಳು. ಪಡೆಯುವವರಲ್ಲೊಬ್ಬ ಚೆಂಡು ಬೇಕೆಂಬಂತೆ ಎಸೆಯುವವನತ್ತ ಓಡಿ ಬರುತ್ತಾನೆ. ಅವನ ಕಾವಲಿಗನೂ ಹಿಂದೆಯೇ ಬರುತ್ತಾನೆ. ತೆರವಾದ ಆ ಜಾಗಕ್ಕೆ ಎರಡನೆಯವನು ನುಗ್ಗುತ್ತಾನೆ, ಎಸೆತ ಅವನಿಗೆ. ಕಾವಲಿಗ ಮೋಸ ಹೋಗದೆ ಹಿಂದೆಯೇ ನಿಂತರೆ ಮುಂದೆ ಬಂದವನಿಗೇ ಚೆಂಡು. ನಿರ್ಧಾರ ಎಸೆಯುವವನದು. ಇನ್ನೊಂದು ಉಪಾಯ ಇದಕ್ಕಿಂತ ಸರಳ. ಚೆಂಡು ಎಸೆದವನನ್ನು ಯಾರೂ ಕಾಯುವುದಿಲ್ಲವಾದ್ದರಿಂದ, ಪಡೆದವನು ಅದನ್ನು ಒಂದೇ ಸ್ಪರ್ಶದಲ್ಲಿ ಅವನಿಗೇ ಮರಳಿಸುವುದು. ಬೇರೊಬ್ಬರು ಮುಟ್ಟಿದ ಮೇಲೆ ಎಸೆದವನು ಚೆಂಡನ್ನು ಆಡಬಹುದು. ಹೀಗೆ ಹತ್ತಕ್ಕೆ ಹನ್ನೊಂದೆಂಬ ಲೆಕ್ಕ ಎರಡು ಕ್ಷಣಗಳಲ್ಲಿ ಸರಿಹೋಗಿ, ಗೆರೆಯ ಬಳಿ ನಮ್ಮವನೊಬ್ಬ ಬಿಡುವಾಗಿ ಚೆಂಡಿನೊಡನೆ ನಿಂತಿರುತ್ತಾನೆ.

ಎದುರಾಳಿಯ ಗೋಲಿನ ಸಮೀಪ ಸಿಕ್ಕ ಎಸೆತಕ್ಕೆ ಆಫ್‌ಸೈಡಿನ ರಿಯಾಯಿತಿ ಒದಗುತ್ತದೆ. ಒಬ್ಬ ಹುಡುಗ ರಕ್ಷಕರ ಹಿಂದೆ, ಗೋಲಿನ ಗೆರೆಗೆ ಹತ್ತಿರವಾಗಿ ನಿಲ್ಲಲಿ. ರಕ್ಷಕರು ಚೆಂಡನ್ನೂ ಅವನನ್ನೂ ಏಕಕಾಲಕ್ಕೆ ನೋಡಲಾರರು. ಅವನ ಪಾದಕ್ಕೆ ಬಂದ ಚೆಂಡು ಹಿಂದಕ್ಕೆ, ಗೋಲಿನ ಮುಂದೆ ಓಡಿ ಬರುವವನಿಗೆ ಹೋದರೆ ತಲೆಯ ಹೊಡೆತವಿಲ್ಲದೆಯೇ ಗೋಲು ಸಾಧ್ಯ. ಇದೇ ಹೊತ್ತಿನಲ್ಲಿ ಇಬ್ಬರು ಹಿಂದೆ ಉಳಿಯುವುದನ್ನು ಮರೆಯಬಾರದು. ಸ್ವಂತ ಅರ್ಧದಲ್ಲಾದರೆ ಸಾಹಸ ಬೇಡ. ಗೋಲ್‌ಕೀಪರಿಗೆ ಎಸೆದರೂ ಸರಿಯೆ, ಆತ ಕೈಯಿಂದ ಹಿಡಿಯಬಾರದು ಅಷ್ಟೆ. 1997ರಿಂದ ಅದಕ್ಕೆ ಇನ್‌ಡೈರೆಕ್ಟ್ ಫ್ರೀ ಕಿಕ್ಕಿನ ದಂಡವಿದೆ.

ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರು ದೂರದ ತೋರಣಗಲ್ಲಿನ ಬಳಿ 2018ರಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಆರಂಭವಾಯಿತು. ಬೆಂಗಳೂರು ಎಫ್.ಸಿ.ಯ ಹಿರಿಯ ತಂಡ ಋತುವಿನ ಆರಂಭದ ಸಿದ್ಧತೆಗೆ ಅಲ್ಲಿಗೆ ಬಂದದ್ದುಂಟು. ದೊಡ್ಡ ಕಾಲ್ಚೆಂಡು ಈಗ ಬೆಂಗಳೂರು, ಗೋವೆಗಳಲ್ಲಷ್ಟೇ ಇರುವ ವಸ್ತುವಲ್ಲ. ಸಂಡೂರು ತಾಲ್ಲೂಕಿನ ಮಗುವಿಗೂ ಕಣ್ಣಳತೆಯಲ್ಲಿದೆ. ಆ ಮಗುವಿನಲ್ಲಿ ನಾಳೆ ಯಾರಾದರೂ ನೋಡುವುದು ಹದಿಮೂರರಲ್ಲಿ ಎಷ್ಟು ದೂರ ಎಸೆದನೆಂಬುದನ್ನಲ್ಲ, ಬಂದ ಚೆಂಡನ್ನು ಹೇಗೆ ಬರಮಾಡಿಕೊಂಡನೆಂಬುದನ್ನು.

ಪೋಷಕರಲ್ಲೊಂದು ಬಿನ್ನಹ. ಪಂದ್ಯದ ದಿನ ನಾವು ಗುಂಪುಗೂಡಿ ನಿಲ್ಲುವ ಜಾಗ ಪಕ್ಕದ ಗೆರೆಯೇ. ಎಸೆಯುವ ಮಗುವಿಗೆ ಎರಡು ಹೆಜ್ಜೆ ಹಿಂದೆ ಹೋಗಲೂ ಎಡೆಯಿರುವುದಿಲ್ಲ. ಮೇಲೆ ಎಡಬಲಗಳಿಂದ ಅಪ್ಪಂದಿರ ನಾಲ್ಕು ಸಲಹೆಗಳು. ಎರಡು ಮೀಟರಿನ ನಿಯಮ ಎದುರಾಳಿಗಳಿಗೆ ಮಾತ್ರ ಬರೆದದ್ದಾದರೂ ನಾವೂ ಅದನ್ನು ಪಾಲಿಸಬಹುದು. ತರಬೇತುದಾರರು ಅಭ್ಯಾಸದ ಕೊನೆಯ ಹದಿನೈದು ನಿಮಿಷವನ್ನು ನಾಲ್ವರಿಗೆ ನಾಲ್ವರ ಪುಟ್ಟ ಆಟಕ್ಕೆ ಮೀಸಲಿಡಲಿ. ಪ್ರತಿ ಸಲ ಆಟ ಶುರುವಾಗುವುದು ಥ್ರೋ-ಇನ್‌ನಿಂದಲೇ. ಹೊರಗೆ ಕುಳಿತ ಮಕ್ಕಳು ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಲಿ. ಆರರೊಳಗೆ ಬಿದ್ದ ಗೋಲು ಎರಡು ಗೋಲಿಗೆ ಸಮ.