ಎರಡನೇ ಸಲ ಮತ ಕೇಳುವವರು

ಚುನಾವಣೆ ಬಂತೆಂದರೆ ಪ್ರತಿ ಅಭ್ಯರ್ಥಿಯೂ ‘ನಾನು ನಿಮ್ಮ ಮನೆಮಗ’ ಅನ್ನುತ್ತಾರೆ. ಆ ಮಾತಿನ ತೂಕ ನೋಡಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಕ್ಷೇತ್ರಗಳು ತಕ್ಕ ಜಾಗ. 2008ರ ಚುನಾವಣೆಯಿಂದ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲು; ದೊಡ್ಡ ಪಕ್ಷಗಳ ಹುರಿಯಾಳುಗಳು ಬಹುತೇಕ ನಾಯಕ ಸಮುದಾಯದವರೇ. ಬೇರೆಡೆ ‘ನಮ್ಮವರು’ ಅನ್ನಿಸಿಕೊಳ್ಳಲು ಜಾತಿಯೊಂದಿದ್ದರೆ ಅರ್ಧ ಕೆಲಸ ಮುಗಿಯಿತು. ಇಲ್ಲಿ ಎದುರಾಳಿಯದೂ ಅದೇ ಜಾತಿ. ಹಾಗಾಗಿ ಪ್ರಚಾರದ ತಂತ್ರಗಾರರು ಊರು, ಪಕ್ಷನಿಷ್ಠೆ, ವರ್ಚಸ್ಸು ಎಂದು ಬೇರೇನಾದರೂ ಹುಡುಕಲೇಬೇಕು.

ಊರಿನ ಮಾತು ಎಷ್ಟು ನಡೆಯುತ್ತದೆ ಎಂಬುದು 2018ರಲ್ಲೇ ಗೊತ್ತಾಯಿತು. ಬಳ್ಳಾರಿಯ ಸಂಸದರಾಗಿದ್ದ ಬಿ. ಶ್ರೀರಾಮುಲು ಅವರನ್ನು ಬಿಜೆಪಿ ಮೊಳಕಾಲ್ಮುರಿಗೆ ಕರೆತಂದಿತು. ಟಿಕೆಟ್ ತಪ್ಪಿದ ಶಾಸಕ ಎಸ್. ತಿಪ್ಪೇಸ್ವಾಮಿ ಅವರ ಬೆಂಬಲಿಗರು ನಾಯಕನಹಟ್ಟಿಯಲ್ಲಿ ನಡೆಸಿದ ಪ್ರತಿಭಟನೆ ಚಪ್ಪಲಿ ತೂರಾಟದವರೆಗೂ ಹೋಯಿತು. ಸಾಲದ್ದಕ್ಕೆ ಶ್ರೀರಾಮುಲು ಬಾದಾಮಿಯಲ್ಲೂ ನಾಮಪತ್ರ ಹಾಕಿದ್ದರು. ಅಲ್ಲಿ ಸಿದ್ದರಾಮಯ್ಯ ಎದುರು 1,696 ಮತಗಳಿಂದ ಸೋತರು. ಮೊಳಕಾಲ್ಮುರಿನಲ್ಲಿ 42,045 ಮತಗಳ ಅಂತರದಿಂದ ಗೆದ್ದರು. ಪಕ್ಷನಿಷ್ಠೆಯ ಕತೆಯೂ ಅಷ್ಟೇ. ಇದೇ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನಿಂದ ಹಲವು ಸಲ ಗೆದ್ದಿದ್ದ ಎನ್.ವೈ. ಗೋಪಾಲಕೃಷ್ಣ 2014ರ ಉಪಚುನಾವಣೆಯಲ್ಲಿ ಬಳ್ಳಾರಿ ಗ್ರಾಮಾಂತರಕ್ಕೆ ಹೋದರು, 2018ರಲ್ಲಿ ಬಿಜೆಪಿ ಸೇರಿ ಕೂಡ್ಲಿಗಿಯಲ್ಲಿ ಗೆದ್ದರು, 2023ರಲ್ಲಿ ಮತ್ತೆ ಕಾಂಗ್ರೆಸ್ ಬಾವುಟ ಹಿಡಿದು ಮೊಳಕಾಲ್ಮುರಿಗೆ ಮರಳಿದರು. ಜನ ಗೆಲ್ಲಿಸಿದರು. ಆ ಸಲ ಅವರೆದುರು ಸೋತವರು, ಆಗ ಬಿಜೆಪಿ ಅಭ್ಯರ್ಥಿಯಾಗಿದ್ದ ಅದೇ ತಿಪ್ಪೇಸ್ವಾಮಿ.

ಇಷ್ಟು ನೋಡಿ, ಮತದಾರರಿಗೆ ನೈಜತೆ ಬೇಡವೇ ಬೇಡ ಅಂದುಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಮೊದಲ ಸಲ ಬಂದವರನ್ನು ಅಳೆಯಲು ಜನರ ಬಳಿ ಇರುವುದು ಹೆಸರು, ಭರವಸೆ, ಗಾಳಿ ಇಷ್ಟೇ. ಈ ಮೂರನ್ನೂ ತಂತ್ರಗಾರರು ಒದಗಿಸಬಲ್ಲರು. ಅಸಲಿ ಪರೀಕ್ಷೆ ನಡೆಯುವುದು ಅದೇ ಜನರ ಮುಂದೆ ಎರಡನೇ ಸಲ ಕೈಮುಗಿದು ನಿಂತಾಗ. ಶ್ರೀರಾಮುಲು ಮೊಳಕಾಲ್ಮುರಿನಲ್ಲಿ ಆ ಪರೀಕ್ಷೆಗೆ ಕೂರಲಿಲ್ಲ. 2023ರಲ್ಲಿ ತಮ್ಮ ಹಳೆಯ ಕ್ಷೇತ್ರ ಬಳ್ಳಾರಿ ಗ್ರಾಮಾಂತರಕ್ಕೆ ಮರಳಿ ಬಿ. ನಾಗೇಂದ್ರ ಎದುರು ಸೋತರು. ಪಕ್ಕದ ಚಳ್ಳಕೆರೆಯಲ್ಲಿ ಕಾಂಗ್ರೆಸ್ಸಿನ ಟಿ. ರಘುಮೂರ್ತಿ ಒಂದೇ ಕ್ಷೇತ್ರ, ಒಂದೇ ಪಕ್ಷ ಹಿಡಿದು 2013, 2018, 2023ರಲ್ಲಿ ಸತತ ಗೆದ್ದಿದ್ದಾರೆ.

ಇದೆಲ್ಲ ಗಾಳಿಯ ಆಟ, ಅಭ್ಯರ್ಥಿಯ ಗುಣಕ್ಕೆ ಇದರಲ್ಲಿ ಪಾಲಿಲ್ಲ ಎಂದು ಯಾರಾದರೂ ವಾದಿಸಬಹುದು. ವಾದದಲ್ಲಿ ಹುರುಳಿದೆ. 2018ರಲ್ಲಿ ಜಿಲ್ಲೆಯ ಆರರಲ್ಲಿ ಐದು ಕ್ಷೇತ್ರ ಬಿಜೆಪಿಗೆ. ‘ಪೇಸಿಎಂ’ ಪೋಸ್ಟರು, ಗ್ಯಾರಂಟಿ ಕಾರ್ಡುಗಳ 2023ರಲ್ಲಿ ಆರರಲ್ಲಿ ಐದು ಕಾಂಗ್ರೆಸ್ಸಿಗೆ. ಆದರೆ ಆ ಆರನೆಯದನ್ನು ನೋಡಿ. 2018ರ ಗಾಳಿಗೆ ಅಲುಗದೆ ನಿಂತದ್ದು ಚಳ್ಳಕೆರೆ. 2023ರಲ್ಲಿ ನಿಂತದ್ದು ಹೊಳಲ್ಕೆರೆ. ಎರಡರಲ್ಲೂ ಗೆದ್ದವರು ಹಾಲಿ ಶಾಸಕರು, ಅದೇ ಜನರ ಮುಂದೆ ಮತ್ತೆ ಮತ ಕೇಳಿದವರು. ಹಣ, ಎದುರಾಳಿ ಪಾಳಯದ ಒಡಕು ಇವೂ ಕೆಲಸ ಮಾಡಿರಬಹುದು. ಅಷ್ಟರಿಂದಲೇ ಗೆಲ್ಲುವಂತಿದ್ದರೆ ಗಾಳಿಗೆ ಉದುರಿದ ಉಳಿದ ಶಾಸಕರೂ ಗೆಲ್ಲಬೇಕಿತ್ತು.

ಗೆಲುವಿಗೂ ನೈಜತೆಗೂ ಅಂತರವಿದೆ ಎಂಬುದು ಚಳ್ಳಕೆರೆ ಬಳಿಯ ವರವು ಕಾವಲು ಎಂಬ ಹುಲ್ಲುಗಾವಲಿನ ಹತ್ತಿರ ಬಂದರೆ ಕಾಣುತ್ತದೆ. ಅಮೃತಮಹಲ್ ದನದ ತಳಿಗೆಂದು ಕಾದಿರಿಸಿದ್ದ ಇಲ್ಲಿನ ಕಾವಲುಗಳಲ್ಲಿ ಸುತ್ತಲಿನ ಹಟ್ಟಿಗಳ ಕುರಿ ಮೇಯುತ್ತಿತ್ತು. ಆ ಕುರಿಯ ಉಣ್ಣೆಯಿಂದಲೇ ಚಳ್ಳಕೆರೆಯ ಕಂಬಳಿ. ರಾಜ್ಯದಲ್ಲಿ ಬಿಜೆಪಿ, ಕೇಂದ್ರದಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರ ಇದ್ದಾಗ ಸುಮಾರು 10,000 ಎಕರೆ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ವರವು ಕಾವಲಿನ 4,290 ಎಕರೆಯಲ್ಲಿ ಡಿಆರ್‌ಡಿಒ ವಿಮಾನ ಪರೀಕ್ಷಾ ನೆಲೆ 2017ರ ಮೇ 28ರಂದು ಉದ್ಘಾಟನೆಯಾಯಿತು. ಗೋಡೆ ಎದ್ದ ಮೇಲೆ ಕುರಿಗಾಹಿಗೆ ಒಳಗೆ ಜಾಗವಿಲ್ಲ. ದೇಶಕ್ಕೆ ಇಂಥ ಕೇಂದ್ರ ಬೇಕು, ಸರಿ. ಮೇವಿನ ನೆಲ ಬಿಟ್ಟವರಿಗೆ ಬದಲಿಗೆ ಏನು ಸಿಕ್ಕಿತು ಎಂಬ ಪ್ರಶ್ನೆ ಅದರಿಂದ ಅಳಿಸಿಹೋಗುವುದಿಲ್ಲ. ಎರಡೂ ಪಕ್ಷಗಳ ಕೈ ಇರುವ ಸಂಗತಿಯಾದ್ದರಿಂದ ಇದರಲ್ಲಿ ಎದುರಾಳಿಯನ್ನು ಬೈದು ಮತ ಗಿಟ್ಟಿಸಲಾಗದು, ಪೋಸ್ಟರೂ ಮಾಡಲಾಗದು. ಅಭ್ಯರ್ಥಿ ತನ್ನ ಪಕ್ಷಕ್ಕೂ ಮುಜುಗರವಾಗುವ ಮಾತನ್ನು ಸ್ವಂತ ಬಾಯಲ್ಲಿ ಆಡಬೇಕಾಗುತ್ತದೆ.

ಚಳ್ಳಕೆರೆ, ಮೊಳಕಾಲ್ಮುರಿನ ಮತದಾರರು ಮುಂದಿನ ಸಲ ಮತ ಕೇಳಲು ಬಂದವರ ಊರು, ಪಕ್ಷ ವಿಚಾರಿಸುವುದನ್ನು ಬಿಟ್ಟು, ಕಾವಲಿನ ಬಗ್ಗೆ ಕಳೆದ ಐದು ವರ್ಷಗಳಲ್ಲಿ ಎಲ್ಲಿ ಏನು ಮಾತಾಡಿದಿರಿ ಎಂದು ಕೇಳಲಿ. ಶಾಸಕರಾಗಿದ್ದವರ ಉತ್ತರ ನಿಜವೋ ಸುಳ್ಳೋ ಪರೀಕ್ಷಿಸಲು ವಿಧಾನಸಭೆಯ ನಡಾವಳಿಯ ದಾಖಲೆ ಇದ್ದೇ ಇದೆ.