ಮನೆಯಲ್ಲೊಂದು ಟಪಾಲು ಕಚೇರಿ

ಕಾಲೇಜಿನ ಪ್ರವೇಶಪತ್ರ, ನೌಕರಿಯ ಕರೆ, ಬ್ಯಾಂಕಿನ ಲೆಕ್ಕ, ದೂರದೇಶದಲ್ಲಿರುವ ಮಗಳ ಪತ್ರ, ಇವೆಲ್ಲವೂ ಇಂದು ಇ-ಮೇಲಿನಲ್ಲಿ ಬರುತ್ತವೆ. ಆದರೆ ಬಂದ ಪತ್ರಗಳು ಎಲ್ಲಿ ಇರುತ್ತವೆಂದು ಕೇಳಿದರೆ ಹೆಚ್ಚಿನವರು ಉತ್ತರ ಹೇಳಲಾರರು. ಅವು ಯಾವುದೋ ದೊಡ್ಡ ಕಂಪನಿಯ ಉಗ್ರಾಣದಲ್ಲಿರುತ್ತವೆ. ಅದರ ಬೀಗದ ಕೈ ನಮ್ಮಲ್ಲಿಲ್ಲ. ಹೀಗಿರುವಲ್ಲಿ, ನಮ್ಮ ಪತ್ರಗಳನ್ನು ನಮ್ಮ ಮನೆಯಲ್ಲಿಯೇ ಇಟ್ಟುಕೊಳ್ಳಲಾಗದೇ ಎಂದು ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಕೆಲವರು ನಮ್ಮನ್ನು ಕೇಳಿದ್ದಾರೆ. ಇಟ್ಟುಕೊಳ್ಳಬಹುದು. ಆದರೆ ಪತ್ರವನ್ನು ಬರಮಾಡಿಕೊಳ್ಳುವದಕ್ಕಿಂತಲೂ ನಮ್ಮ ಪತ್ರವನ್ನು ಪರರು ನಂಬುವಂತೆ ಮಾಡುವದು ಕಷ್ಟ. ಅದು ಹೇಗೆಂಬದನ್ನು ವಿವರಿಸುವದೇ ಈ ಲೇಖನದ ಉದ್ದೇಶವು.

ಸ್ವಂತ ಟಪಾಲು ನಮ್ಮ ರಾಯಚೂರು, ದೇವದುರ್ಗ, ಮಾನ್ವಿಗಳಿಗೆ ಹೊಸದಲ್ಲ. ಈ ಊರುಗಳು ಸೇರಿದ್ದ ಹೈದರಾಬಾದ್ ಸಂಸ್ಥಾನವು 1869ನೇ ಇಸವಿಯಿಂದ ತನ್ನದೇ ಅಂಚೆಚೀಟಿಗಳನ್ನು ಹೊರಡಿಸುತ್ತಿತ್ತು. ಆ ಚೀಟಿಯು ಸಂಸ್ಥಾನದೊಳಗೆ ಸಲ್ಲುತ್ತಿತ್ತು. ಮೇರೆಯನ್ನು ದಾಟುವ ಪತ್ರಕ್ಕೆ ಅದು ಸಾಲದು. 1950ರಲ್ಲಿ ಆ ಟಪಾಲು ಭಾರತದ ಟಪಾಲಿನಲ್ಲಿ ಸೇರಿಹೋಯಿತು. ಇನ್ನೊಂದು ದೃಷ್ಟಾಂತವೂ ಇಲ್ಲಿಯೇ ಉಂಟು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯು ಮದ್ರಾಸಿನ ಕಡೆಯಿಂದ ಬಂದ ದಾರಿಯನ್ನು ರಾಯಚೂರಿನಲ್ಲಿ ಸಂಧಿಸಿತು. ಕಂಪನಿಗಳು ಬೇರೆಯಾದರೂ ಕಂಬಿಗಳ ನಡುವಿನ ಅಳತೆ ಒಂದೇ ಆಗಿದ್ದದರಿಂದ ಎರಡು ದಾರಿಗಳು ಒಂದಾದವು. ಇ-ಮೇಲಿನಲ್ಲಿ ಈ ಸಮಾನ ಅಳತೆಯೆಂದರೆ ಎಸ್.ಎಂ.ಟಿ.ಪಿ. ಎಂಬ ನಿಯಮಾವಳಿ, ಅದನ್ನು ಜಾನ್ ಪೋಸ್ಟೆಲ್ ಎಂಬವರು 1982ರಲ್ಲಿ ಬರೆದು ಪ್ರಕಟಿಸಿದರು. ಅದನ್ನು ಪಾಲಿಸುವ ಯಂತ್ರವು ದೊಡ್ಡ ಕಂಪನಿಯದಿರಲಿ, ಮಾನ್ವಿಯ ಒಂದು ಮನೆಯದಿರಲಿ, ಇನ್ನೊಂದರೊಡನೆ ಪತ್ರವ್ಯವಹಾರ ಮಾಡಬಲ್ಲದು. ಇಂಥ ಯಂತ್ರಕ್ಕೆ ಸರ್ವರ್ ಎಂದು ಹೆಸರು.

ಬೇಕಾದ ಸಾಮಾನುಗಳು ಅಲ್ಪ. ಒಂದು ಹಳೆಯ ಕಂಪ್ಯೂಟರ್, ಅದರಲ್ಲಿ ಲಿನಕ್ಸ್, ಅದರ ಮೇಲೆ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಎಂಬ ಎರಡು ಪ್ರೋಗ್ರಾಮುಗಳು. ಈ ಮೂರಕ್ಕೂ ಹಣ ಕೊಡಬೇಕಾಗಿಲ್ಲ. ಪೋಸ್ಟ್‌ಫಿಕ್ಸ್ ಟಪಾಲಿನವನಂತೆ ಪತ್ರಗಳನ್ನು ತರುತ್ತದೆ, ಒಯ್ಯುತ್ತದೆ. ಡವ್‌ಕಾಟ್ ಅವುಗಳನ್ನು ಪೆಟ್ಟಿಗೆಯಿಂದ ತೆಗೆದು, ಪಾಸ್‌ವರ್ಡ್ ಕೇಳಿ, ಒಡೆಯರಿಗೆ ಮಾತ್ರ ತೋರಿಸುತ್ತದೆ. ಇದಲ್ಲದೆ, ವರ್ಷಕ್ಕೊಮ್ಮೆ ಶುಲ್ಕ ತೆತ್ತು ಉಳಿಸಿಕೊಳ್ಳುವ ಒಂದು ಡೊಮೇನ್ ಹೆಸರು ಬೇಕು. ಆ ಹೆಸರಿಗೆ ಬರುವ ಪತ್ರಗಳನ್ನು ಯಾವ ಯಂತ್ರಕ್ಕೆ ತಲುಪಿಸಬೇಕೆಂಬದನ್ನು ಡಿ.ಎನ್.ಎಸ್. ಎಂಬ ಲೋಕವ್ಯಾಪಿ ಸೂಚಿಯಲ್ಲಿ ಎಂ.ಎಕ್ಸ್. ದಾಖಲೆಯಾಗಿ ಬರೆಯಿಸತಕ್ಕದ್ದು. ಮನೆಯ ರೂಟರಿನಲ್ಲಿ 25ನೇ ಪೋರ್ಟ್ ಎಂಬ ಬಾಗಿಲನ್ನು ಆ ಕಂಪ್ಯೂಟರಿನ ಕಡೆಗೆ ತೆರೆದಿಡತಕ್ಕದ್ದು.

ತೊಡಕುಗಳು ಇಲ್ಲಿಂದ ಆರಂಭವಾಗುತ್ತವೆ. ಮನೆಯ ಸಾಧಾರಣ ಇಂಟರ್ನೆಟ್ ಸಂಪರ್ಕದಲ್ಲಿ ಐ.ಪಿ. ಸಂಖ್ಯೆಯು, ಎಂದರೆ ಮನೆಯ ವಿಳಾಸವು, ಆಗಾಗ ಬದಲಾಗುತ್ತದೆ. ಎಷ್ಟೋ ವೇಳೆ ಒಂದೇ ಸಂಖ್ಯೆಯನ್ನು ಅನೇಕ ಮನೆಗಳಿಗೆ ಹಂಚಿರುತ್ತಾರೆ. ಆಗ ಹೊರಗಿನ ಪತ್ರಕ್ಕೆ ನಮ್ಮ ಬಾಗಿಲೇ ಸಿಕ್ಕುವದಿಲ್ಲ. ಸ್ಪ್ಯಾಮ್ ಎಂಬ ಕಸದ ಪತ್ರಗಳ ಹಾವಳಿಯನ್ನು ತಡೆಯುವದಕ್ಕಾಗಿ ಅನೇಕ ಕಂಪನಿಗಳು 25ನೇ ಪೋರ್ಟನ್ನು ಮುಚ್ಚಿರುತ್ತವೆ. ಆದದರಿಂದ ಮೊದಲು ಮೂರು ಸಂಗತಿಗಳನ್ನು ಕೇಳಿ ತಿಳಿಯಬೇಕು: ಸ್ಥಿರವಾದ ಐ.ಪಿ. ಸಂಖ್ಯೆಯನ್ನು ಕೊಡುವರೋ, 25ನೇ ಪೋರ್ಟನ್ನು ತೆರೆಯುವರೋ, ಆ ಸಂಖ್ಯೆಯನ್ನು ಹುಡುಕಿದವರಿಗೆ ನಮ್ಮ ಯಂತ್ರದ ಹೆಸರು ದೊರೆಯುವಂತೆ ಪಿ.ಟಿ.ಆರ್. ದಾಖಲೆಯನ್ನು ಮಾಡಿಕೊಡುವರೋ.

ಈ ಮೂರನೆಯದನ್ನು ನಾವು ಅಲಕ್ಷ್ಯಮಾಡಿದೆವು. ರಾಯಚೂರಿನ ನಮ್ಮ ಮನೆಯಲ್ಲಿ ಯಂತ್ರವನ್ನಿಟ್ಟು, ದೇವದುರ್ಗದ ಅಕ್ಕನವರಿಗೂ ಮಾನ್ವಿಯ ತಮ್ಮನಿಗೂ ವಿಳಾಸಗಳನ್ನು ಕೊಟ್ಟೆವು. ಮೂರು ಮನೆಗಳ ನಡುವೆ ಪತ್ರಗಳು ತಡವಿಲ್ಲದೆ ಓಡಾಡಿದವು, ನಾವು ಹಿಗ್ಗಿದೆವು. ಬಳಿಕ ಅಕ್ಕನವರ ಮಗಳು ವಿದ್ಯಾರ್ಥಿವೇತನದ ಅರ್ಜಿಯನ್ನು ಅದೇ ವಿಳಾಸದಿಂದ ಕಳುಹಿಸಿದಳು. ಹತ್ತು ದಿನ ಉತ್ತರವಿಲ್ಲ. ಕೊನೆಯ ದಿನದ ಹಿಂದಿನ ಸಂಜೆ ಫೋನು ಮಾಡಿ ವಿಚಾರಿಸಲಾಗಿ, ಅರ್ಜಿಯು ಆ ಕಚೇರಿಯ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಸಂಸ್ಥಾನದ ಚೀಟಿಯನ್ನು ಅಂಟಿಸಿ ಮದ್ರಾಸಿಗೆ ಪತ್ರ ಹಾಕಿದಂತಾಗಿತ್ತು ನಮ್ಮ ಕೆಲಸ. “ನಿನ್ನ ಟಪಾಲು ಮನೆಯವರ ಮಟ್ಟಿಗೆ ಇರಲಿ, ಹುಡುಗಿಯ ಭವಿಷ್ಯವನ್ನು ಅದರಲ್ಲಿ ಹಾಕಬೇಡ” ಎಂದು ಅಕ್ಕನವರು ಹೇಳಿದ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹೊರಗಿನವರು ನಂಬಬೇಕಾದರೆ ಪಿ.ಟಿ.ಆರ್. ದಾಖಲೆಯ ಜೊತೆಗೆ ಮೂರು ಗುರುತುಗಳು ಇರಬೇಕು. ಎಸ್.ಪಿ.ಎಫ್. ಎಂಬದು ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸತಕ್ಕ ಯಂತ್ರಗಳ ಪಟ್ಟಿ. ಡಿ.ಕೆ.ಐ.ಎಂ. ಎಂಬದು ಪತ್ರದ ಮೇಲಣ ಗೂಢ ಮುದ್ರೆ. ದಾರಿಯಲ್ಲಿ ಯಾರಾದರೂ ಪತ್ರವನ್ನು ತಿದ್ದಿದರೆ ಮುದ್ರೆಯು ಹೊಂದದು. ಡಿಮಾರ್ಕ್ ಎಂಬದು ಇವು ತಾಳೆಯಾಗದ ಪತ್ರವನ್ನು ಏನು ಮಾಡಬೇಕೆಂದು ನಾವು ಪರರಿಗೆ ಕೊಡುವ ಸೂಚನೆ. 2024ರ ಫೆಬ್ರುವರಿಯಿಂದ ಜಿಮೇಲ್ ತನಗೆ ಪತ್ರ ಕಳುಹಿಸುವವರೆಲ್ಲರಿಂದ ಪಿ.ಟಿ.ಆರ್. ದಾಖಲೆಯನ್ನೂ, ಎಸ್.ಪಿ.ಎಫ್. ಮತ್ತು ಡಿ.ಕೆ.ಐ.ಎಂ.ಗಳಲ್ಲಿ ಒಂದನ್ನಾದರೂ ಕೇಳುತ್ತಿದೆ. ಇಷ್ಟಾದರೂ ಮನೆಯ ಸಂಖ್ಯೆಗಳನ್ನು ಸಂಶಯದಿಂದ ನೋಡುವದುಂಟು. ಅದಕ್ಕಾಗಿ ನಾವೀಗ ಹೊರಹೋಗುವ ಪತ್ರಗಳನ್ನು ಮಾತ್ರ ನಂಬಿಕೆ ಗಳಿಸಿದ ಒಂದು ರಿಲೇ ಸೇವೆಯ ಮೂಲಕ ಕಳುಹಿಸುತ್ತೇವೆ. ಒಳಬರುವವು ನೇರವಾಗಿ ಮನೆಗೇ ಬರುತ್ತವೆ.

ಇನ್ನು ದಿನದಿನದ ಪಾಲನೆ. ವಿದ್ಯುತ್ತು ಹೋದರೆ ಪತ್ರವೂ ಹೋಯಿತೆಂದು ಹೆದರಬೇಕಾಗಿಲ್ಲ. ಕಳುಹಿಸಿದ ಯಂತ್ರವು 4-5 ದಿನಗಳವರೆಗಾದರೂ ಮತ್ತೆ ಮತ್ತೆ ಪ್ರಯತ್ನಿಸಬೇಕೆಂದು ನಿಯಮಾವಳಿಯು ಹೇಳುತ್ತದೆ. ಆದರೂ ಒಂದು ಯು.ಪಿ.ಎಸ್. ಇರುವದು ಲೇಸು, ನಮ್ಮ ಬೇಸಗೆಯಲ್ಲಿ ಯಂತ್ರವನ್ನು ಬಿಸಿಲು ತಾಗದ, ಗಾಳಿಯಾಡುವ ಸ್ಥಳದಲ್ಲಿಡಬೇಕು. ಪರರ ಪತ್ರಗಳನ್ನು ಯಾರೆಂದು ಕೇಳದೆ ಸಾಗಿಸುವಂತೆ ಯಂತ್ರವನ್ನು ಎಂದಿಗೂ ಬಿಡಕೂಡದು. ಬಿಟ್ಟರೆ ಕಳ್ಳರು ಅದನ್ನೇ ತಮ್ಮ ಕುದುರೆಯಾಗಿ ಮಾಡಿಕೊಳ್ಳುವರು. ಪ್ರೋಗ್ರಾಮುಗಳನ್ನು ಕಾಲಕಾಲಕ್ಕೆ ನವೀಕರಿಸಬೇಕು. ಪತ್ರಗಳ ಪ್ರತಿಯೊಂದು ಬೇರೆ ಊರಿನಲ್ಲಿರಬೇಕು. ನಮ್ಮದು ಮಾನ್ವಿಯ ತಮ್ಮನ ಮನೆಯಲ್ಲಿದೆ.

ಹಾಗಾದರೆ ಇದನ್ನು ಯಾರು ಮಾಡಬೇಕು? ಕಲಿಯುವ ಆಸೆಯೂ, ವಾರಕ್ಕೊಂದು ತಾಸಿನ ಬಿಡುವೂ ಉಳ್ಳವರು ಮಾಡಲಿ. ಮೊದಲ ಕೆಲವು ತಿಂಗಳು ಹಳೆಯ ವಿಳಾಸವನ್ನು ಬಿಡದಿರಲಿ. ಬೀಗದ ಕೈ ನಮ್ಮದಾದಾಗ ಕಾವಲೂ ನಮ್ಮದೇ. ನಮ್ಮ ಅಕ್ಕನವರ ಮಗಳು ಮರುದಿನ ಹಳೆಯ ವಿಳಾಸದಿಂದ ಅರ್ಜಿಯನ್ನು ಮತ್ತೆ ಕಳುಹಿಸಿ ವೇತನವನ್ನು ಪಡೆದಳು. ಈಗ ರಜೆಯಲ್ಲಿ ಬಂದಾಗಲೆಲ್ಲ ಆ ಯಂತ್ರದ ದಿನಚರಿಯನ್ನು ಮೊದಲು ತೆರೆದು ನೋಡುವವಳು ಅವಳೇ.